ಕೂಗು ಹಿಡಿಯುವ ಪೆಟ್ಟಿಗೆ

ನಾನು ಒಂದು ಕಂಪ್ರೆಸರ್. ಟೈರಿಗೆ ಗಾಳಿ ತುಂಬುವುದಲ್ಲ, ದನಿ ಹಿಡಿಯುವುದು. ಕರಿ ತಗಡಿನ ಮೈ, ಮುಂದೆ ತಿರುಗಿಸುವ ಗುಂಡಿಗಳು, ದನಿ ಅದುಮಿದಾಗಲೆಲ್ಲ ಹತ್ತುವ ಒಂದು ಸಾಲು ಕೆಂಪು ದೀಪ. ಮೈಕಿಗೆ ಬಿದ್ದ ಮಾತು ನನ್ನೊಳಗೆ ಹಾದು ಸ್ಪೀಕರಿಗೆ ಹೋಗುತ್ತದೆ. ಜೋರಾದದ್ದನ್ನು ಅದುಮುತ್ತೇನೆ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಮೇಲೆತ್ತುತ್ತೇನೆ. ಆಗ ಪಿಸುಮಾತೂ ಹಿಂದಿನ ಸಾಲಿಗೆ ಮುಟ್ಟುತ್ತದೆ. ಹುಟ್ಟಿದ ಕಾರ್ಖಾನೆ ಯಾವ ಊರಿನದೋ ಗೊತ್ತಿಲ್ಲ. ಬೆಸುಗೆಯ ಬಿಸಿ ಮಾತ್ರ ನೆನಪಿದೆ.

ಮೊದಲು ಹುಬ್ಬಳ್ಳಿಯ ಒಂದು ರೆಕಾರ್ಡಿಂಗ್ ಅಂಗಡಿಯಲ್ಲಿದ್ದೆ. ತಣ್ಣನೆಯ ಕೋಣೆ, ಮೆತ್ತಗೆ ಹಾಡುವ ಜನ. ಅಂಗಡಿ ಮುಚ್ಚಿದಾಗ ದಸ್ತಗೀರ ನನ್ನನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದ. ಅವನು ಊರೂರು ತಿರುಗುವ ಒಂದು ನಾಟಕ ಕಂಪನಿಯ ಮೈಕಿನವನು. ಆಗ ಕಂಪನಿ ಗುಳೇದಗುಡ್ಡದಲ್ಲಿ ಕ್ಯಾಂಪು ಹಾಕಿತ್ತು.

ರಂಗದ ಮೇಲೆ ಮೈಕುಗಳು ತೂಗಾಡುತ್ತಿದ್ದವು. ಹಾಸ್ಯದ ಕಲ್ಲಪ್ಪ ಒದರಿದರೆ ಅವು ಕುಂಯ್ ಅನ್ನುತ್ತಿದ್ದವು. ನಾನು ಬಂದ ಮೇಲೆ ಅದು ನಿಂತಿತು. ಮಾಲಕ ಈರಪ್ಪನವರಿಗೆ ಹಿಗ್ಗು. "ದಸ್ತಗೀರ, ಇನ್ನೊಂದೀಟು ಬಿಗಿ ಮಾಡಲೇ!" ದಸ್ತಗೀರ ಗುಂಡಿ ತಿರುಗಿಸಿ ನನ್ನ ಹಿಡಿತ ಬಿಗಿ ಮಾಡಿದ.

ತಾಯಿಯ ಪಾತ್ರ ಸುಮಿತ್ರಾಬಾಯಿಯವರದು. ಮೂರನೇ ಅಂಕದಲ್ಲಿ ಅವರ ಮುಂದೆ ಮಗನ ಹೆಣ ಇಳಿಸುತ್ತಾರೆ. ಅವರು "ಮಗನೇ" ಎಂದು ಒಂದೇ ಒಂದು ಕೂಗು ಕೂಗುತ್ತಾರೆ. ಆ ಕೂಗು ಕೇಳಲೆಂದೇ ಜನ ನೋಡಿದ ನಾಟಕಕ್ಕೆ ಮತ್ತೆ ಬರುತ್ತಿದ್ದರಂತೆ. ನಾನು ಬಂದ ಮೇಲೆ ಯಾರೂ ಸೆರಗು ಕಣ್ಣಿಗೆ ಒತ್ತಲಿಲ್ಲ. ಶೇಂಗಾ ಸುಲಿಯುವ ಸದ್ದೂ ನಿಲ್ಲಲಿಲ್ಲ.

"ಬಾಯಾರ, ವಯಸ್ಸಾತ್ರಿ," ಅಂದರು ಈರಪ್ಪನವರು. "ಮುಂದಿನ ಕ್ಯಾಂಪಿನಾಗ ತಾಯಿ ಪಾರ್ಟು ಹರೇದ ಹುಡುಗಿ ಶಶಿಕಲಾ ಮಾಡ್ಲಿ. ನೀವು ಅಜ್ಜಿ ಪಾರ್ಟು ಮಾಡ್ರಿ."

"ಈ ನಾಟಕದಾಗ ಅಜ್ಜಿ ಎಲ್ಲಿ ಅದಾಳ್ರಿ?"

"ಬರಸೋಣಂತ ಬಿಡ್ರಿ."

ಬಾಯಿಯವರು ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸಿಕೊಂಡರು. ಮರುದಿನ ಬೆಳಿಗ್ಗೆಯಿಂದ ಜ್ಯೇಷ್ಠಮಧು ಅಗಿಯತೊಡಗಿದರು. ತಮ್ಮ ಗಂಟಲೇ ಕೈಕೊಟ್ಟಿತೆಂದು ಅವರೂ ನಂಬಿದ್ದರು.

ಕ್ಯಾಂಪಿನ ಕಡೆಯ ಆಟದ ದಿನ, ಮಧ್ಯಾಹ್ನ ತಾಲೀಮಿನ ಹೊತ್ತಿಗೆ ಕರೆಂಟು ಹೋಯಿತು. ದಸ್ತಗೀರ ನನ್ನ ಧೂಳು ಒರೆಸುತ್ತಾ ರಂಗದ ಬುಡದಲ್ಲಿ ಕೂತಿದ್ದ. ಬಾಯಿಯವರು ಮೈಕಿಲ್ಲದೆಯೇ ಆ ಕೂಗು ಕೂಗಿದರು. ಅಡುಗೆಯ ಶಾಂತವ್ವ ಸೌಟು ಹಿಡಿದುಕೊಂಡೇ ಓಡಿ ಬಂದಳು. "ಯಾರಿಗೇನಾತ್ರೋ!"

ದಸ್ತಗೀರ ಮಾತ್ರ ಬಾಯಿಯವರ ಪಾದ ನೋಡುತ್ತಿದ್ದ.

"ಬಾಯಿ, ಒದರೂಕಿಂತ ಮೊದಲ ಹಿಂದ್ಯಾಕ ಸರದ್ರಿ?"

"ಸರೀದಿದ್ರ ಮೈಕ್ ಕುಂಯ್ ಅಂತಾವಲ್ಲೋ. ನಮ್ಮ ಮಾಸ್ತರು ಬಡದು ಕಲಿಸ್ಯಾರ."

ದಸ್ತಗೀರ ಹಣೆ ಬಡಿದುಕೊಂಡ. "ನೀವೂ ಹಿಡೀತೀರಿ, ಇದೂ ಹಿಡೀತೈತಿ. ಇಬ್ರೂ ಹಿಡದ ಮ್ಯಾಲೆ ಮಂದಿಗೆ ಏನು ಉಳೀತ್ರಿ?"

"ಹಂಗಾರ ಸರೀಬಾರದೇನು? ಈ ಕಾಲು ನನ್ನ ಮಾತು ಕೇಳಬೇಕಲ್ಲೋ."

"ಬ್ಯಾಡ. ಕಾಲು ಮಾಸ್ತರ ಮಾತ ಕೇಳ್ಲಿ. ಇದನ್ನ ನಾ ಸಡ್ಲ ಬಿಡ್ತೀನಿ."

ಅಂದು ಸಂಜೆಯ ಆಟದಲ್ಲಿ ಮೂರನೇ ಅಂಕ ಬಂತು. ಹೆಣ ಇಳಿಯಿತು. ದಸ್ತಗೀರನ ಬೆರಳು ನನ್ನ ಗುಂಡಿ ತಿರುಗಿಸಿ ಸಡಿಲ ಮಾಡಿತು. ಬಾಯಿಯವರು ಹಿಂದೆ ಸರಿದು ಕೂಗಿದರು. ನನ್ನ ಒಂದು ದೀಪವೂ ಹತ್ತಲಿಲ್ಲ. ಕೂಗು ಬಂದ ಹಾಗೆಯೇ ನನ್ನನ್ನು ಹಾದು ಹೋಯಿತು.

ಶೇಂಗಾ ಸುಲಿಯುವ ಕೈಗಳು ನಿಂತವು. ಮುಂದಿನ ಸಾಲಿನಲ್ಲಿ ಒಬ್ಬಾಕೆ ತನ್ನ ಪಕ್ಕದಲ್ಲಿದ್ದ ಮಗನನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ಗೇಟಿನಲ್ಲಿದ್ದ ಈರಪ್ಪನವರು ಒಳಗೆ ಬಂದು, ಕೂಡುವುದನ್ನೂ ಮರೆತು ನಿಂತರು. ಪರದೆ ಬಿದ್ದ ಮೇಲೆ, "ಅಜ್ಜಿ ಪಾರ್ಟು ಶಶಿಕಲಾಗ ಬರಸೋಣಂತ," ಅಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಶಶಿಕಲಾನೇ.

ಸಾಮಾನು ಕಟ್ಟುವಾಗ ಬಾಯಿಯವರು ನನ್ನ ಹತ್ತಿರ ಬಂದರು. "ನನ್ನ ಕೊಳ್ಳ ಹಿಡದಾಂವ ಇಂವನ ಏನೋ?" ಅಂದು ನನ್ನ ತಲೆಗೆ ಮೆಲ್ಲಗೆ ಮೊಟಕಿದರು. ಮುಂದೆ ಎಷ್ಟೋ ಊರುಗಳಲ್ಲಿ ಅವರೇ ತಾಯಿಯಾದರು.

ಈಗ ನನ್ನ ಕೆಲಸವನ್ನು ಹೊಸ ಮಿಕ್ಸರು ತನ್ನೊಳಗೇ ಮಾಡಿಕೊಳ್ಳುತ್ತದೆ. ನಾನು ಗದಗಿನಲ್ಲಿ, ದಸ್ತಗೀರನ ಮನೆಯ ಕಪಾಟಿನ ಮೇಲಿದ್ದೇನೆ. ಅವನ ಹೆಂಡತಿ ವಾರಕ್ಕೊಮ್ಮೆ ಒರೆಸುತ್ತಾಳೆ. ಬದುಕೆಲ್ಲ ಅದುಮಿದ ಮಾತುಗಳು ಎಷ್ಟೋ, ಒಂದೂ ನೆನಪಿಲ್ಲ. ಅದುಮದೆ ಬಿಟ್ಟ ಆ ಕೂಗು ಮಾತ್ರ ಇನ್ನೂ ತಗಡಿನೊಳಗೆ ಉಳಿದುಕೊಂಡಿದೆ.