ಎಡಕ್ಕೆ ಸುತ್ತಿದ ದಾರ

ಕೈಯಲ್ಲಿ ಕಟ್ಟಿದ ಹುಳವನ್ನು ನೀರಿನ ಮೇಲೆ ತೇಲಿಬಿಟ್ಟು ಬ್ರೀಮ್ ಮೀನು ಹಿಡಿಯುವವರ ಒಂದು ಕೂಟ ಅಲಪಾಹ ನದಿಯ ಕಡೆ ಇತ್ತು. ಹುಳವೆಂದರೆ ಜೀವವಿರುವ ಹುಳವಲ್ಲ. ಗಾಳದ ಕೊಕ್ಕೆಗೆ ಒಂದು ತುಂಡು ಬೆಂಡು, ಅಳಿಲಿನ ಬಾಲದ ಕೂದಲು, ಹುಂಜದ ಕತ್ತಿನ ಗರಿ, ನಾಲ್ಕು ರಬ್ಬರಿನ ಕಾಲು, ಇಷ್ಟನ್ನು ದಾರದಿಂದ ಬಿಗಿದು ಗಂಟಿನ ಮೇಲೆ ಉಗುರುಬಣ್ಣ ಹಚ್ಚಿದರೆ ಆಯಿತು. ಅಂಗಡಿಯಲ್ಲಿ ಕೊಂಡ ಹುಳವನ್ನು ಆ ಕೂಟದಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಪ್ರತಿ ಮೇ ತಿಂಗಳು, ಮೀನು ಮೊಟ್ಟೆಯಿಡಲು ದಡದ ಮರಳಿಗೆ ಬರುವ ಹೊತ್ತಿಗೆ, ಚರ್ಚಿನ ಹಿಂದಿನ ಊಟದ ಹಾಲ್‌ನಲ್ಲಿ ಹನ್ನೆರಡು ಜನ ಸೇರುತ್ತಿದ್ದರು. ಒಬ್ಬೊಬ್ಬರೂ ಒಂದೇ ಬಗೆಯ ಹನ್ನೆರಡು ಹುಳ ತರಬೇಕು, ಎಲ್ಲರಿಗೂ ಒಂದೊಂದು ಹಂಚಬೇಕು. ಸ್ವಂತ ಕೈಯಲ್ಲಿ ಕಟ್ಟಿದ್ದಾಗಿರಬೇಕು ಎನ್ನುವುದೊಂದೇ ಕಟ್ಟಳೆ. ಅದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಬರೆದಿಡುವ ಪ್ರಸಂಗ ಬಂದಿರಲಿಲ್ಲ.

ಆ ಪ್ರಸಂಗ ತಂದವಳು ಓರ್ಲೀನ್ ಟಿಲರಿ.

ಅರವತ್ತಮೂರು ವರ್ಷದ ಹೆಂಗಸು, ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ಕೂಟಕ್ಕೆ ಸೇರಿ ಒಂದೇ ವರ್ಷವಾಗಿತ್ತು. ಹಿಂದಿನ ಮೇ ತಿಂಗಳು ಅವಳು ಹಂಚಿದ ಹುಳವನ್ನು ಹೋಕ್ ಲೇನಿಯರ್ ಅದೇ ಸಂಜೆ ನೀರಿಗೆ ಬೀಸಿದ. ಮೊದಲ ಬೀಸಿಗೇ ಗರಿ ಒಂದು ಕಡೆ, ಕಾಲು ಒಂದು ಕಡೆ ಹಾರಿಹೋದವು. ಬರೀ ಕೊಕ್ಕೆಯನ್ನು ಕಂಡು ಮೀನು ನಗುತ್ತಾ ಹೋಯಿತೆಂದು ಹೋಕ್ ಊರೆಲ್ಲ ಹೇಳಿಕೊಂಡು ತಿರುಗಿದ. ಕೂಟದ ಹಿರಿಯ ಅವನು, ಮಾತು ಬೇಗ ಹರಡಿತು. ಕಿರಾಣಿ ಅಂಗಡಿಯಲ್ಲಿ ಹಿಟ್ಟಿನ ಚೀಲ ಎತ್ತಿಕೊಂಡರೂ ಯಾರಾದರೊಬ್ಬರು, ಅದನ್ನಾದರೂ ಬಿಗಿಯಾಗಿ ಕಟ್ಟಿಸಿಕೊಳ್ಳಿ ಮಿಸ್ ಓರ್ಲೀನ್, ಎನ್ನುತ್ತಿದ್ದರು. ಅವಳೂ ನಗುತ್ತಿದ್ದಳು. ಮನೆಗೆ ಬಂದ ಮೇಲೆ ನಗು ಇರುತ್ತಿರಲಿಲ್ಲ.

ಅವಳಿಗೆ ಕಲಿಸಿದವರು ಡ್ಯುವಿಟ್ ಪರ್ವಿಸ್. ಎಂಬತ್ತೊಂದು ವರ್ಷ, ಎಡಚರು, ಕೂಟಕ್ಕೆ ಬರುವುದನ್ನು ಬಿಟ್ಟು ಹಲವು ವರ್ಷವಾಗಿದ್ದ ಹಳೆಯ ಸದಸ್ಯರು. ಅವರು ಕಟ್ಟಿದ ಹುಳ ಹತ್ತು ಮೀನು ಕಚ್ಚಿದರೂ ಬಿಡುತ್ತಿರಲಿಲ್ಲ. ಅವರ ಮನೆಯ ಜಗಲಿಯಲ್ಲಿ ಮೇಜಿನ ಆಚೆ ಅವರು, ಈಚೆ ಅವಳು ಕುಳಿತು ಎರಡು ಚಳಿಗಾಲ ಕಳೆದಿದ್ದರು. ಕನ್ನಡಿಯೆದುರು ಕುಳಿತವಳ ಹಾಗೆ ಅವಳು ಅವರ ಎಡಗೈ ಮಾಡಿದ್ದನ್ನು ತನ್ನ ಬಲಗೈಯಲ್ಲಿ ಮಾಡುತ್ತಾ ಹೋದಳು. ಅವರು ಚಮಚ ಹಿಡಿಯುವುದೂ ಎಡಗೈಯಲ್ಲೇ ಎಂದು ಅವಳಿಗೆ ಗೊತ್ತಿತ್ತು. ಆದರೆ ಕೈ ಬೇರೆಯಾದರೆ ದಾರ ಸುತ್ತುವ ದಿಕ್ಕೂ ಬೇರೆಯಾಗುತ್ತದೆಂದು ಹೊಳೆದಿರಲಿಲ್ಲ.

ಫೆಬ್ರವರಿಯಲ್ಲಿ ಡ್ಯುವಿಟ್‌ಗೆ ಲಕ್ವ ಹೊಡೆಯಿತು. ಬಾಯಿ ಸ್ವಲ್ಪ ಸೊಟ್ಟಗಾಯಿತು, ಕಾಲು ಎಳೆಯತೊಡಗಿತು, ಎಡಗೈ ಮಡಿಲಲ್ಲಿ ಬಿದ್ದುಕೊಂಡಿತು. ನೋಡಲು ಹೋದ ಓರ್ಲೀನಳ ಕೈಗೆ ಅವರು ಒಂದು ತಗಡಿನ ಡಬ್ಬಿ ಕೊಟ್ಟರು. ಒಳಗೆ ಹನ್ನೆರಡು ಹುಳ, ಹಳದಿ ಮೈ, ಕರಿ ಕಾಲು.

"ನನ್ನ ಕೈ ಕಟ್ಟಿದ್ರಲ್ಲಿ ಉಳಿದಿರೋದು ಇವಿಷ್ಟೇ," ಎಂದರು. "ಒಂದೊಂದಾಗಿ ಬಿಚ್ಚಿ ನೋಡು, ಹುಡುಗಿ. ನಾನು ಬಾಯಲ್ಲಿ ಹೇಳೋಕಾಗದ್ದು ಅದ್ರಲ್ಲಿದೆ. ಇಟ್ಕೊಂಡು ಪೂಜೆ ಮಾಡಬೇಡ, ಬಿಚ್ಚು."

ಅವಳು ಬಿಚ್ಚಲಿಲ್ಲ. ಮೊದಲು ಮನಸ್ಸು ಬರಲಿಲ್ಲ, ಆಮೇಲೆ ಪುರುಸೊತ್ತು ಆಗಲಿಲ್ಲ. ಏಪ್ರಿಲ್ ಹೊತ್ತಿಗೆ ಅವಳ ಬಲಗೈ ಹೆಬ್ಬೆರಳ ಬುಡ ಊದಿಕೊಂಡು ಸೂಜಿ ಹಿಡಿಯುವುದೂ ಕಷ್ಟವಾಯಿತು. ಆದರೂ ಕುಳಿತು ಹನ್ನೆರಡು ಕಟ್ಟಿದಳು. ಕೆಲವಕ್ಕೆ ತಲೆ ದಪ್ಪ, ಕೆಲವಕ್ಕೆ ಕಾಲು ಗಿಡ್ಡ. ಕೂಟದ ದಿನ ಬೆಳಿಗ್ಗೆ ಅವನ್ನು ಒಂದು ಕಡೆ, ಡ್ಯುವಿಟ್‌ರ ಡಬ್ಬಿಯನ್ನು ಒಂದು ಕಡೆ ಇಟ್ಟುಕೊಂಡು ಕಾಫಿ ಆರುವವರೆಗೆ ನೋಡಿದಳು. ಮುದುಕರು ಇನ್ನು ಮನೆ ಬಿಟ್ಟು ಹೊರಗೆ ಬರುವುದಿಲ್ಲ, ಹುಳ ನೋಡಿ ಗುರುತಿಸುವವರು ಅವರೊಬ್ಬರೇ. ಹೀಗೆಲ್ಲ ಲೆಕ್ಕ ಹಾಕಿದಳು ಎನ್ನುವುದೇ ಆಮೇಲೆ ಅವಳನ್ನು ಹೆಚ್ಚು ಸುಟ್ಟಿತು. ಕೈತಪ್ಪಿ ಆದದ್ದಲ್ಲ. ಡಬ್ಬಿಯನ್ನು ಎತ್ತಿಕೊಂಡಳು, ಹನ್ನೆರಡು ಚೀಟಿಯ ಮೇಲೆ ತನ್ನ ಹೆಸರು ಬರೆದಳು.

ಹಾಲ್‌ನಲ್ಲಿ ಅವಳ ಹುಳ ಕೈಯಿಂದ ಕೈಗೆ ಹೋಯಿತು. ಯಾರೂ ನಗಲಿಲ್ಲ. ಕ್ಲೀವ್ ಎಂಬ ದಪ್ಪ ಮನುಷ್ಯ ಕನ್ನಡಕ ಹಣೆಗೇರಿಸಿ, ಕಣ್ಣಿನ ಹತ್ತಿರ ಹಿಡಿದು ನೋಡಿ, ಒಂದು ವರ್ಷದಲ್ಲಿ ಇಷ್ಟು ಕಲಿತಿರಾ ಎಂದ. ಹೋಕ್ ತನ್ನ ಹಳೆಯ ಮಾತನ್ನು ಎಲ್ಲರೆದುರು ಹಿಂತೆಗೆದುಕೊಂಡ. ಓರ್ಲೀನಳಿಗೆ ಸಂತೋಷವೇ ಆಯಿತು, ಸುಳ್ಳು ಹೇಳಬಾರದು.

ಆ ಕೂಟದಲ್ಲಿ ಇನ್ನೊಂದು ಪದ್ಧತಿಯಿತ್ತು. ವರ್ಷದ ಒಳ್ಳೆಯ ಹುಳ ಯಾವುದೆಂದು ಕೈಯೆತ್ತಿ ಹೇಳುವುದು, ಆಮೇಲೆ ಹಿರಿಯನಾದವನು ತನ್ನ ಪಾಲಿಗೆ ಬಂದ ಆ ಹುಳವನ್ನು ಎಲ್ಲರೆದುರು ಬಿಚ್ಚಿ, ಕಟ್ಟಿದ ಬಗೆ ತೋರಿಸುವುದು. ಅದಕ್ಕಿಂತ ದೊಡ್ಡ ಮರ್ಯಾದೆ ಅಲ್ಲಿರಲಿಲ್ಲ. ಆ ದಿನ ಎಲ್ಲ ಕೈಗಳೂ ಓರ್ಲೀನಳ ಹುಳಕ್ಕೇ ಎದ್ದವು.

ಹೋಕ್ ಕೊಕ್ಕೆಯನ್ನು ಮೇಜಿಗೆ ಬಿಗಿದಿದ್ದ ಚಿಕ್ಕ ಹಿಡಿಕೆಗೆ ಸಿಕ್ಕಿಸುತ್ತಿದ್ದ. ಅಷ್ಟರಲ್ಲಿ ಬಾಗಿಲು ತೆರೆಯಿತು. ಡ್ಯುವಿಟ್‌ರ ಮಗಳು ವೆರ್ನಾ ಅಪ್ಪನ ತೋಳು ಹಿಡಿದುಕೊಂಡು ಒಳಗೆ ಬಂದಳು. ಬೆಳಗಿನಿಂದ ಹಟ ಹಿಡಿದು ಕೂತಿದ್ದಾರೆ, ಇವತ್ತೊಂದು ದಿನ ನಿಮ್ಮ ಜೊತೆ ಇರಲಿ ಎಂದಳು. ಎಲ್ಲರೂ ಎದ್ದು ಕುರ್ಚಿ ಕೊಟ್ಟರು. ಓರ್ಲೀನ್ ಏಳಲಿಲ್ಲ. ಡ್ಯುವಿಟ್ ಕುಳಿತು, ಉಸಿರು ಸುಧಾರಿಸಿಕೊಂಡು, ಹಿಡಿಕೆಯಲ್ಲಿದ್ದ ಹಳದಿ ಹುಳವನ್ನು ನೋಡಿದರು. ನೋಡಿ, ಅದರ ಕೆಳಗಿಟ್ಟಿದ್ದ ಚೀಟಿಯ ಹೆಸರು ಓದಿದರು. ಅವಳ ಕಡೆ ಮಾತ್ರ ನೋಡಲಿಲ್ಲ.

ಹೋಕ್ ಸೂಜಿಯ ಮೊನೆಯಿಂದ ಉಗುರುಬಣ್ಣ ಕೆರೆದು, ದಾರದ ತುದಿ ಎಬ್ಬಿಸಿ, ಯಾವಾಗಿನ ಹಾಗೆ ತನ್ನ ಕಡೆಗೆ ಎಳೆದು ಬಿಚ್ಚತೊಡಗಿದ. ಬಿಚ್ಚಬೇಕಾದ ದಾರ ಬಿಗಿಯಿತು. ಮತ್ತೆ ಎಳೆದ, ಇನ್ನೂ ಬಿಗಿಯಿತು. ಹಿಡಿಕೆಯನ್ನು ತಿರುಗಿಸಿ, ಬಗ್ಗಿ ನೋಡಿ, ದಾರವನ್ನು ಆಚೆಗೆ ತಳ್ಳಿದ. ಆಗ ಸುರುಸುರು ಬಿಚ್ಚಿಕೊಂಡು ಬಂತು.

"ಮಿಸ್ ಓರ್ಲೀನ್," ಎಂದ ಹೋಕ್ ತಲೆಯೆತ್ತದೆ, "ನೀವು ಎಡಚರಾ?"

ಅವಳು ಕಾಫಿ ಲೋಟವನ್ನು ಬಲಗೈಯಲ್ಲಿ ಹಿಡಿದಿದ್ದಳು. ಹನ್ನೊಂದು ಜನರ ಕಣ್ಣು ಆ ಲೋಟದ ಮೇಲೆ ಬಿತ್ತು. ಕೆಳಗಿಡಲು ಜಾಗ ಹುಡುಕಿದಳು, ಸಿಗಲಿಲ್ಲ.

"ಕಲಿಸ್ದೋನು ನಾನಲ್ವಾ, ಹೋಕ್," ಎಂದರು ಡ್ಯುವಿಟ್. ಲಕ್ವದ ಬಾಯಿ, ಒಂದೊಂದು ಮಾತನ್ನೂ ನೂಕಿ ನೂಕಿ ಹೊರಗೆ ಹಾಕಿದರು. "ನಾನು ಹೆಂಗೆ ಸುತ್ತಿದ್ನೋ ಹಂಗೇ ಸುತ್ತುತಾಳೆ. ಕಾಫಿ ಕುಡಿಯೋದು ಯಾವ ಕೈಯಲ್ಲೋ ನಂಗೊತ್ತಿಲ್ಲ. ದಾರ ಮಾತ್ರ ಎಡಗೈಲೇ."

ಹಾಲ್‌ನಲ್ಲಿ ನಗು ಎದ್ದಿತು, ಬಿಗಿ ಸಡಿಲವಾಯಿತು. ಡ್ಯುವಿಟ್ ಪರ್ವಿಸ್ ಹೇಳಿದ ಮೇಲೆ ಅದನ್ನು ತೂಗಿ ನೋಡುವವರು ಅಲ್ಲಿ ಯಾರೂ ಇರಲಿಲ್ಲ. ಹಾಗಾದರೆ ಮುಂದಿನ ಶನಿವಾರ ಮಿಸ್ ಓರ್ಲೀನ್ ನಮ್ಮೆದುರು ಕುಳಿತು ಒಂದು ಹುಳ ಕಟ್ಟಿ ತೋರಿಸಬೇಕು, ಎಡಗೈಯ ಕೆಲಸ ನೋಡದೆ ತುಂಬ ದಿನವಾಯಿತು ಎಂದು ಹೋಕ್ ಹೇಳಿದ. ಅವಳು ತಲೆಯಾಡಿಸಿದಳು.

ವೆರ್ನಾ ಕೆಲಸಕ್ಕೆ ಹೋಗಿದ್ದರಿಂದ ಮುದುಕರನ್ನು ತನ್ನ ಗಾಡಿಯಲ್ಲಿ ಮನೆಗೆ ಮುಟ್ಟಿಸುವುದು ಓರ್ಲೀನಳ ಪಾಲಿಗೆ ಬಂತು. ಹತ್ತಿಯ ಹೊಲಗಳು ಕಳೆದು, ಮರದ ಮಿಲ್ಲು ಕಳೆದು, ಗಾಡಿ ಸೇತುವೆ ದಾಟಿತು. ಕ್ಷಮಿಸಿ ಎನ್ನಲು ಅವಳು ಮೂರು ಸಲ ಬಾಯಿ ತೆರೆದು ಮೂರು ಸಲವೂ ಗೇರ್ ಬದಲಾಯಿಸಿದಳು.

"ನಾನು ಆ ಹಾಲ್‌ನಲ್ಲಿ ಇವತ್ತಿನ ತನಕ ಸುಳ್ಳು ಹೇಳಿರಲಿಲ್ಲ," ಎಂದರು ಡ್ಯುವಿಟ್ ಕೊನೆಗೆ. "ಈ ವಯಸ್ಸಲ್ಲಿ ಹೇಳಿದ್ದನ್ನ ಮತ್ತೆ ವಾಪಸ್ ನುಂಗೋಕಾಗಲ್ಲ. ನೀನೇ ಅದನ್ನ ನಿಜ ಮಾಡು. ನಾಳೆಯಿಂದ ಬಾ, ಎಡಗೈಲಿ ಕಲಿ."

ಅವಳು ಹೋದಳು. ದಿನಾ ಬೆಳಿಗ್ಗೆ ವೆರ್ನಾ ಮಾಡಿಟ್ಟ ಮೆಕ್ಕೆಜೋಳದ ಗ್ರಿಟ್ಸ್ ಗಂಜಿ ತಿಂದು, ಈ ಸಲ ಎದುರಿಗಲ್ಲ, ಅವರ ಪಕ್ಕದಲ್ಲಿ ಕುಳಿತಳು. ಎಡಗೈಗೆ ದಾರ ಕೊಟ್ಟರೆ ಅದು ಮರದ ಕೊರಡಿನ ಹಾಗೆ ನಿಲ್ಲುತ್ತಿತ್ತು. ಗರಿ ಜಾರುತ್ತಿತ್ತು, ಕಾಲು ಕೆಳಗೆ ಬೀಳುತ್ತಿತ್ತು. ಡ್ಯುವಿಟ್ ಬೈಯುತ್ತಿರಲಿಲ್ಲ. "ಮತ್ತೆ," ಎನ್ನುತ್ತಿದ್ದರು. ಡಬ್ಬಿಯ ಮಾತನ್ನಾಗಲಿ, ಚೀಟಿಯ ಮಾತನ್ನಾಗಲಿ ಒಂದು ದಿನವೂ ಎತ್ತಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಗುರುವಾರದ ಹೊತ್ತಿಗೆ ಒಂದು ಹುಳ ನಿಂತಿತು. ಶುಕ್ರವಾರ ಇನ್ನೊಂದು. ಅದನ್ನು ಅವರು ಬಲಗೈಯಲ್ಲಿ ಹಿಡಿದು ಹಲ್ಲಿನಿಂದ ಎಳೆದು ನೋಡಿದರು. ಬಿಚ್ಚಲಿಲ್ಲ. ಸೊಟ್ಟ ಬಾಯಿ ನಕ್ಕಿತು. ಅವಳಿಗೆ ಮಾತ್ರ ಆ ಮುಖ ನೋಡಲಾಗಲಿಲ್ಲ. ಒಂದು ಕಳ್ಳತನವನ್ನು ಮುಚ್ಚಲು ಈ ಮನುಷ್ಯ ವಾರವಿಡೀ ತನ್ನ ಉಳಿದ ಶಕ್ತಿಯನ್ನೆಲ್ಲ ಸುರಿದನಲ್ಲ ಎಂದು ನೆಲ ನೋಡಿದಳು.

ಶನಿವಾರ ಹಾಲ್ ತುಂಬಿತ್ತು. ಡ್ಯುವಿಟ್ ಮುಂದಿನ ಸಾಲಿನಲ್ಲಿದ್ದರು. ಓರ್ಲೀನ್ ಎಡಗೈಯಲ್ಲಿ ದಾರ ಹಿಡಿದು ಸುತ್ತಿದಳು. ನಿಧಾನವಾಯಿತು, ಆದರೂ ತಪ್ಪಲಿಲ್ಲ. ಬಾಲ ಕೂತಿತು, ಬೆಂಡು ಕೂತಿತು, ಗರಿ ಕತ್ತಿನ ಸುತ್ತ ಅರಳಿತು. ಗಂಟು ಹಾಕಿ ಕತ್ತರಿಸಿದಾಗ ಚಪ್ಪಾಳೆ ಬಿತ್ತು. ಅವಳು ಪಾರಾಗಿದ್ದಳು. ಎದ್ದು ತನ್ನ ಜಾಗಕ್ಕೆ ಹೋದರೆ ಸಾಕಾಗಿತ್ತು.

ಅಷ್ಟರಲ್ಲಿ ಹೋಕ್ ಎದ್ದು ನಿಂತು, ಹೋದ ವರ್ಷ ತಾನು ಆಡಿದ ಮಾತಿಗೆ ಊರಿನ ಪರವಾಗಿ ಕ್ಷಮೆ ಕೇಳುತ್ತೇನೆಂದ. ಆ ಕ್ಷಮೆಯನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ.

"ಕೇಳಬೇಡಿ ಹೋಕ್," ಎಂದಳು. "ಹೋದ ವಾರ ನಾನು ಹಂಚಿದ್ದು ನಾನು ಕಟ್ಟಿದ್ದಲ್ಲ. ಮಿಸ್ಟರ್ ಡ್ಯುವಿಟ್ ಕಟ್ಟಿದ್ದು. ಕಲಿಯೋಕೆ ಅಂತ ಕೊಟ್ಟಿದ್ರು, ನಾನು ನನ್ನ ಹೆಸರು ಬರೆದೆ. ಎಡಗೈಲಿ ಸುತ್ತೋದನ್ನ ಕಲಿತದ್ದು ಈ ವಾರ, ನಿಮ್ಮನ್ನ ನಂಬಿಸೋಕೆ."

ಹನ್ನೊಂದು ಮುಖಗಳು ಅವಳನ್ನು ನೋಡಿದವು, ಆಮೇಲೆ ಒಂದೊಂದಾಗಿ ಡ್ಯುವಿಟ್‌ರ ಕಡೆ ತಿರುಗಿದವು. ತನ್ನ ಮಾತು ಅವರ ಸುಳ್ಳನ್ನೂ ಬಯಲು ಮಾಡುತ್ತದೆಂದು ಅದು ಆಗುವವರೆಗೂ ಅವಳಿಗೆ ಹೊಳೆದಿರಲಿಲ್ಲ. ಮುದುಕರ ಕಿವಿ ಕೆಂಪಾಯಿತು. ಬಲಗೈಯಿಂದ ಎಡಗೈಯನ್ನು ಎತ್ತಿ ಮಡಿಲಲ್ಲಿ ಸರಿಯಾಗಿಟ್ಟುಕೊಂಡರು, ಇಡುವುದಕ್ಕೆ ಬಹಳ ಹೊತ್ತು ತೆಗೆದುಕೊಂಡರು.

ಯಾರೂ ಬೈಯಲಿಲ್ಲ. ಒಬ್ಬೊಬ್ಬರೂ ತಮ್ಮ ಪೆಟ್ಟಿಗೆ ತೆರೆದು ಹಳದಿ ಹುಳವನ್ನು ತೆಗೆದು ಡ್ಯುವಿಟ್‌ರ ಮುಂದೆ ಮೇಜಿನ ಮೇಲೆ ಇಟ್ಟರು. ಕ್ಲೀವ್ ತಲೆ ಕೆರೆದುಕೊಂಡು ನಿಂತ, ತನ್ನದು ಸೋಮವಾರವೇ ನೀರೊಳಗಿನ ಬೊಡ್ಡೆಗೆ ಸಿಕ್ಕಿ ಹೋಯಿತೆಂದ. ಹೋಕ್ ಒಂದು ಕವರಿನಲ್ಲಿ ಬಿಚ್ಚಿದ ಗರಿ, ಕೂದಲು, ದಾರ ಎಲ್ಲವನ್ನೂ ಎತ್ತಿಟ್ಟಿದ್ದ, ಅದನ್ನೂ ಇಟ್ಟ. ಇಡುವಾಗ ತನ್ನ ಹಳೆಯ ಗೆಳೆಯನ ಮುಖ ನೋಡಲಿಲ್ಲ.

ಮತ್ತೆ ಅವಳ ಗಾಡಿ, ಮತ್ತೆ ಅದೇ ದಾರಿ. ಈ ಸಲ ಕ್ಷಮಿಸಿ ಎಂದಳು. ಡ್ಯುವಿಟ್ ಕಿಟಕಿಯಾಚೆ ನೋಡುತ್ತಿದ್ದರು.

"ಹೇಳಿದ್ದು ತಪ್ಪಲ್ಲ," ಎಂದರು. "ನನ್ನ ಹತ್ರ ಒಂದು ಮಾತು ಕೇಳಬೇಕಿತ್ತು. ಹುಳ ನನ್ನವು, ನೀನು ಕೇಳದೆ ಹಂಚಿದೆ. ಸುಳ್ಳು ನಂದು, ಅದನ್ನೂ ಕೇಳದೆ ಹಂಚಿದೆ. ಹೋಕ್‌ಗೆ ನಾನೇ ಹೇಳ್ತಿದ್ದೆ, ಹುಡುಗಿ. ಇಬ್ಬರೇ ಕೂತಿದ್ದಾಗ ಹೇಳ್ತಿದ್ದೆ."

ಹಾಲ್‌ನಲ್ಲಿ ಎದ್ದು ಹೇಳಿದಾಗ ಎದೆಯ ಭಾರ ಇಳಿಯಿತೆಂದುಕೊಂಡಿದ್ದಳು. ಇಳಿದ ಭಾರ ಯಾರ ಹೆಗಲಿಗೆ ಹೋಗಿತ್ತೆಂದು ಈಗ ಪಕ್ಕದಲ್ಲೇ ಕಾಣುತ್ತಿತ್ತು.

ಮನೆ ಬಂತು. ಬಾಗಿಲು ತೆಗೆದು ಕೈ ನೀಡಿದಳು. ಅವರು ಒಂದು ಕ್ಷಣ ಆ ಕೈಯನ್ನು ನೋಡಿದರು. ಬೇರೆ ದಾರಿಯಿಲ್ಲದೆ ಹಿಡಿದುಕೊಂಡು ಇಳಿದರು. ಅವರ ಪೂರ್ತಿ ಭಾರ ಅವಳ ತೋಳಿನ ಮೇಲೆ ಬಿತ್ತು. ವೆರ್ನಾ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ಜಗಲಿಗೆ ಬಂದು, ಹೇಗಾಯಿತಪ್ಪ, ಮಿಸ್ ಓರ್ಲೀನ್ ಚೆನ್ನಾಗಿ ಕಟ್ಟಿದರಾ ಎಂದು ಕೇಳಿದಳು. ಹೋದ ವಾರದ್ದು ಅವಳಿಗೆ ಏನೂ ಗೊತ್ತಿರಲಿಲ್ಲ.

ಓರ್ಲೀನ್ ಈ ಸಲ ಬಾಯಿ ತೆರೆಯಲಿಲ್ಲ. ಡ್ಯುವಿಟ್‌ರ ಮುಖ ನೋಡಿ ಕಾದಳು. ಅವರು ಮೆಟ್ಟಿಲೊಂದನ್ನು ಹತ್ತಿ, ನಿಂತು, ಉಸಿರು ತೆಗೆದುಕೊಂಡರು.

"ಕೂತ್ಕೊಳ್ಳಲಿ ಮೊದಲು," ಎಂದರು ಮಗಳಿಗೆ. "ಆಮೇಲೆ ಅವಳೇ ಹೇಳ್ತಾಳೆ. ನಾನೂ ಇರ್ತೀನಿ."

ವೆರ್ನಾ ಕುರ್ಚಿ ಎಳೆದಳು. ಓರ್ಲೀನ್ ಕುಳಿತು, ಮಗಳ ಮುಖ ನೋಡಿಕೊಂಡು, ಫೆಬ್ರವರಿಯಿಂದ ಶುರುಮಾಡಿದಳು.