ಪಕ್ಕದ ಎತ್ತಿನವನ ಮಾತು

ಬಳ್ಳಾರಿಯ ಬಿಸಿಲಿಗೆ ಕಾಗೆಗಳೂ ಬೆವರುತ್ತವೆ. ಕೋಟೆಗುಡ್ಡದ ಬಂಡೆಯ ಮೇಲೆ ತಟ್ಟಿಟ್ಟ ರೊಟ್ಟಿ ತಾನೇ ಬೇಯುತ್ತದೆ. ಆದರೆ ೧೯೫೦ರ ಬೇಸಿಗೆಯಲ್ಲಿ ಊರಿನ ಅತಿ ಬಿಸಿಯಾದ ಜಾಗ ಬಂಡೆಯಲ್ಲ, ಪ್ರಹ್ಲಾದನ ಹೊಟ್ಟೆ. ಇವನು ಮಗ್ಗುಲು ಬದಲಿಸಿದರೆ ಹತ್ತಿಯ ಹಾಸಿಗೆ ಹೊತ್ತಿಕೊಂಡೀತೆಂದು ಹೆಂಡತಿ ಇಂದಿರಾಬಾಯಿ ಬರೀ ಚಾಪೆ ಹಾಸಿಕೊಡುತ್ತಿದ್ದಳು.

ಪ್ರಹ್ಲಾದ ಊರಿನ ಸಣ್ಣ ಕಾಲೇಜೊಂದರಲ್ಲಿ ಎಷ್ಟೋ ವರ್ಷಗಳಿಂದ ಚರಿತ್ರೆಯ ಟ್ಯೂಟರ್. ಆ ವರ್ಷ ಅಲ್ಲಿ ‘ಆಡಳಿತ ನೀತಿ’ ಎಂಬ ಹೊಸ ವಿಷಯ ತೆರೆದರು. ಸರಕಾರ ಧಾನ್ಯ ಹೇಗೆ ಹಂಚಬೇಕು, ನೀರು ಯಾರಿಗೆ ಬಿಡಬೇಕು, ಶಾಲೆ ಎಲ್ಲಿ ಕಟ್ಟಬೇಕು, ಇಂಥದನ್ನೆಲ್ಲ ಕಲಿಸುವ ಪಾಠ. ಉಪನ್ಯಾಸಕನ ಹುದ್ದೆ ಒಂದೇ. ಅದು ತನ್ನದೇ ಎಂದು ಪ್ರಹ್ಲಾದ ಊರೆಲ್ಲ ಹೇಳಿಕೊಂಡು ಮುಗಿಸುವಷ್ಟರಲ್ಲಿ ಸಿರುಗುಪ್ಪದ ಎರ್ರಣ್ಣನೂ ಅರ್ಜಿ ಹಾಕಿದ. ಮದರಾಸಿನಲ್ಲಿ ಇಬ್ಬರೂ ಒಂದೇ ತರಗತಿ. ಪ್ರಹ್ಲಾದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ ಎರಡನೆಯವನಾದರೆ, ಎರ್ರಣ್ಣ ಸಮುದ್ರದ ಗಾಳಿ ತಿಂದುಕೊಂಡೇ ಮೊದಲನೆಯವನಾಗುತ್ತಿದ್ದ.

ಹುದ್ದೆ ಕೊಡುವವರು ಕಾಲೇಜು ಕಮಿಟಿಯ ಅಧ್ಯಕ್ಷರಾದ ಕುರುಗೋಡಿನ ಹಾಲಸಿದ್ದಪ್ಪನವರು. ಎತ್ತು ಕೊಳ್ಳುವುದರಲ್ಲಿ ಅವರನ್ನು ಮೀರಿಸುವವರು ಮೂರು ಲೋಕದಲ್ಲೂ ಇರಲಿಲ್ಲ. ಎತ್ತಿನ ಗುಣವನ್ನು ಮಾರುವವನ ಹತ್ತಿರ ಕೇಳುತ್ತಲೇ ಇರಲಿಲ್ಲ. ಸಂತೆಯಲ್ಲಿ ಅವನ ಪಕ್ಕಕ್ಕೇ ತನ್ನ ಎತ್ತು ಮಾರಲು ನಿಂತ ಇನ್ನೊಬ್ಬನನ್ನು ಕೇಳುತ್ತಿದ್ದರು. ಮಾಸ್ತರರನ್ನು ಆರಿಸುವುದೂ ಹಾಗೆಯೇ. ಒಬ್ಬ ಅಭ್ಯರ್ಥಿಯ ವಿಚಾರ ಇನ್ನೊಬ್ಬನ ಬಾಯಿಂದ ಬರಬೇಕು. ಇದು ಕಾಲೇಜಿನ ಗೋಡೆಗಳಿಗೂ ಗೊತ್ತಿತ್ತು.

ಹಾಗಾದರೆ ಎರ್ರಣ್ಣನ ಐಬು-ಕುಂದುಗಳನ್ನು ಬೇರುಸಹಿತ ಕಿತ್ತು ತರಬೇಕು ಎಂದು ಪ್ರಹ್ಲಾದ ಹೊರಟು ನಿಂತ.

“ಎರ್ರಣ್ಣನ ಧ್ಯಾನ ಮಾಡೋದರಾಗ ಅರ್ಧ ನಿಮ್ಮ ಪಾಠಕ್ಕ ಮಾಡಿದ್ದರ ಸಾಕಾಗಿತ್ತು,” ಎಂದಳು ಇಂದಿರಾಬಾಯಿ.

“ನಿನಗ ತಿಳಿಯೂದಿಲ್ಲ, ಸುಮ್ಮನಿರು,” ಎಂದು ಅವನು ಸಿರುಗುಪ್ಪದ ಬಸ್ಸು ಹತ್ತಿದ. ಆ ಬಸ್ಸಿನಲ್ಲಿ ಕರಿಗೂದಲಿನಿಂದ ಹತ್ತಿದವರು ಬಿಳಿಗೂದಲಿನಿಂದ ಇಳಿಯುತ್ತಿದ್ದರು. ಧೂಳಿನಿಂದಲೋ ವಯಸ್ಸಾಗಿಯೋ ಹೇಳುವುದು ಕಷ್ಟ.

ಎರ್ರಣ್ಣ ಮನೆಯಲ್ಲಿರಲಿಲ್ಲ. ತಾಯಿ ದೊಡ್ಡಬಸಮ್ಮ ಬಾಳೆಹಣ್ಣಿನ ಚಿಪ್ಪು ತಂದಿಟ್ಟಳು. “ಬರ್ರಿ ಆಚಾರ್ರ. ನಮ್ಮನ್ಯಾಗ ನೀವು ಉಣ್ಣಂಗಿಲ್ಲ, ಹಣ್ಣಿಗೇನು ಮಡಿ? ತಿನ್ರಿ.”

“ನಿಮ್ಮ ಮಗ ಹ್ಯಾಂಗಿದ್ದಾನಮ್ಮಾ?”

ಅಷ್ಟೇ ಸಾಕಾಯಿತು. ತಾಯಿಯ ಬಾಯಿ ಕಾಲುವೆಯ ತೂಬಿನಂತೆ ತೆರೆಯಿತು.

“ಏನು ಹೇಳ್ಲಿ ಸ್ವಾಮಿ! ಸುಗ್ಗ್ಯಾಗ ಹೊಲಕ್ಕ ಬರ್ಲಿಲ್ಲ. ಸರಕಾರದೋರು ಲೆವಿ ಭತ್ತ ಅಳಕೊಂಡು ಹೋಗಾಕ ಬಂದ್ರ, ಬಡವ್ರ ಬೀಜದ ಭತ್ತ ಮುಟ್ಟಬ್ಯಾಡ್ರಿ ಅಂತ ಚಾವಡ್ಯಾಗ ತಾಸೀಲ್ದಾರನ ಕೂಡ ಜಗಳಕ್ಕ ಕುಂತ. ಗೆದ್ದ, ಗೆದ್ದು ಏನ್ ಮಾಡಿದ? ನಮ್ಮದು ಮಾತ್ರ ಪೂರಾ ಅಳೀರಿ ಅಂದ! ರೆವಿನ್ಯೂ ನೌಕರಿ ಬಂದ್ರ ಒಲ್ಲೆ ಅಂದ. ಅರ್ಜಿ ಬರಸಾಕ ಬಂದ ಮಂದಿ ಕಟ್ಟಿ ತುಂಬ. ತೆಲುಗೋರಿಗೆ ತೆಲುಗು, ಸಾಬ್ರಿಗೆ ಉರ್ದು, ಎಲ್ಲಾ ಪುಕ್ಕಟೆ!”

ಆನಂದ ತಡೆಯಲಾರದೆ ಪ್ರಹ್ಲಾದ ಚಿಪ್ಪನ್ನೇ ಖಾಲಿ ಮಾಡಿದ.

ಕುರುಗೋಡಿನಲ್ಲಿ ಸಂದರ್ಶನ ನಡೆದದ್ದು ಹಾಲಸಿದ್ದಪ್ಪನವರ ಪಡಸಾಲೆಯಲ್ಲಿ. ಮೊದಲು ಪ್ರಹ್ಲಾದನನ್ನು ಕರೆದರು.

“ನಿಮ್ಮ ಸುದ್ದಿ ಇರ್ಲಿ ಆಚಾರ್ರ. ಎರ್ರಣ್ಣನ ಐಬು ಏನೇನದಾವ?”

“ಒಂದಾ ಎರಡಾ ಸಾಹುಕಾರ್ರ! ಜಗಳಗಂಟ,” ಎಂದು ಪ್ರಹ್ಲಾದ ಶುರುಮಾಡಿದ. ತಾಯಿ ಹೇಳಿದ್ದಷ್ಟನ್ನೇ ಹೇಳಿ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಉರಿಯುವ ಹೊಟ್ಟೆಗೆ ಅಷ್ಟು ಸೌದೆ ಎಲ್ಲಿ ಸಾಲುತ್ತದೆ? “ತಾಸೀಲ್ದಾರ ಏನು, ಕಲೆಕ್ಟರಗೂ ಅಂಜೂದಿಲ್ಲ. ಹತ್ತು ಹಳ್ಳಿ ಮಂದಿ ಇವನ ಮಾತಿಗೆ ಕುಣೀತದ. ಮನಿ ಹಾಳು ಮಾಡಿಕೊಂಡು ಊರು ನೋಡ್ತಾನ. ಇಂಥವನ ಕೈಯಾಗ ಹುಡುಗರನ್ನ ಕೊಡ್ತೀರೇನು?”

ಆಮೇಲೆ ಎರ್ರಣ್ಣನ ಸರದಿ. ಪ್ರಹ್ಲಾದ ಹೊರಗಿನ ಕಂಬದ ಮರೆಯಲ್ಲಿ ಕಿವಿ ಹಚ್ಚಿ ನಿಂತ.

“ಪ್ರಹ್ಲಾದನ ಐಬಾ?” ಎಂದ ಎರ್ರಣ್ಣ. “ಏನೂ ಇಲ್ರಿ. ಟೈಮಿಗೆ ಬರ್ತಾನ, ಟೈಮಿಗೆ ಹೋಗ್ತಾನ.”

ಹಾಲಸಿದ್ದಪ್ಪನವರು ಇಬ್ಬರನ್ನೂ ಕೂರಿಸಿಕೊಂಡು ಎರ್ರಣ್ಣನಿಗೆ ಹುದ್ದೆ ಎಂದರು.

“ನಾನು ಹೇಳಿದ್ದು ಐಬು, ಸಾಹುಕಾರ್ರ!” ಪ್ರಹ್ಲಾದ ಚೀರಿದ.

“ಹೌದ್ರಿ. ಈ ಐಬು ಇದ್ದವಗೇ ಈ ಪಾಠ ಹೇಳಾಕ ಬರೋದು. ಗೆಳ್ಯಾರು ಹೊಗಳಿದ್ರ ನಂಬಂಗಿಲ್ಲ ನಾನು. ಹೊಟ್ಟಿ ಉರಕೊಂಡು ಹೇಳಿದ್ದು ಖರೇ ಇರತೈತಿ. ಸೋಮವಾರ ಹುಡುಗ್ರಿಗೆ ಇವರ ಪರಿಚಯ ನೀವಾ ಮಾಡ್ಸ್ರಿ. ನಿಮ್ಮಷ್ಟು ಇವರನ್ನ ತಿಳಕೊಂಡೋರು ಯಾರದಾರ?”

ಸೋಮವಾರ, ಹೆಸರು ಊರು ಹೇಳಿ ಕೂತುಬಿಡಬೇಕೆಂದೇ ಪ್ರಹ್ಲಾದ ತರಗತಿಗೆ ಹೋದ. ಆದರೆ ಕುರ್ಚಿಯಲ್ಲಿ ಆರಾಮಾಗಿ ಕೂತ ಎರ್ರಣ್ಣನ ಮುಖ ಕಂಡದ್ದೇ ಒಳಗೆ ಭಗ್ಗೆಂದಿತು. ನಾಲಿಗೆ ಹಿಡಿತ ತಪ್ಪಿತು. ಅವನ ಕಥೆಯಲ್ಲಿ ಎರ್ರಣ್ಣನಿಗೆ ಹೆದರಿ ತಾಸೀಲ್ದಾರ ಚಪ್ಪಲಿ ಬಿಟ್ಟು ಆದವಾನಿಯವರೆಗೆ ಓಡಿದ; ಅವನ ಕುದುರೆ ಇನ್ನೂ ಮುಂದೆ ಓಡಿತು. ಹುಡುಗರು ಬೆಂಚು ಗುದ್ದಿದ ಸದ್ದಿಗೆ ಹಂಚಿನ ಮೇಲಿನ ಪಾರಿವಾಳಗಳು ಹಲಕುಂದಿಗೆ ಹಾರಿಹೋದವು. ಪ್ರಹ್ಲಾದನ ಮಾತಿಗೆ ಈ ಕಾಲೇಜಿನಲ್ಲಿ ಯಾರೂ ಎಂದೂ ಬೆಂಚು ಗುದ್ದಿರಲಿಲ್ಲ.

“ಇನ್ನೂ ಅದ, ಕೇಳ್ರಿ,” ಎಂದು ಅವನು ಅಂಗಿಯ ತೋಳು ಏರಿಸಿದ.

ತರಗತಿ ಮುಗಿದ ಗಂಟೆ ಹೊಡೆಯಿತು. ಎರ್ರಣ್ಣ ಎದ್ದು ಹತ್ತಿರ ಬಂದ. “ಲೇ ಪ್ರಹ್ಲಾದ, ನನ್ನ ಪಾಠ?”

“ನಾಳೆ ಮಾಡ್ಕೋ,” ಎಂದ ಪ್ರಹ್ಲಾದ, ಕೈಯಲ್ಲಿದ್ದ ಸೀಮೆಸುಣ್ಣ ಕೊಡದೆಯೇ.