ಸೋಲಾಪುರಕ್ಕೆ ಬಂದ ದೋಣಿಯ ಕಾಲು

ದೋಣಿ ಮಾಲವಣದ ಮರಳಿನ ಮೇಲೆಯೇ ಇತ್ತು. ಅದರ ಕಾಲು ಮಾತ್ರ ಸೋಲಾಪುರದಲ್ಲಿ, ನಾಗಣ್ಣನ ಗೋದಾಮಿನ ಚಾದರದ ಗಂಟುಗಳ ನಡುವೆ ಮಲಗಿತ್ತು. ಕಾಲೆಂದರೆ ನೀರೊಳಗೆ ಇಳಿದು ಪಂಖ ತಿರುಗಿಸುವ ಅಲ್ಯೂಮಿನಿಯಂ ಭಾಗ. ಮಾಲವಣದಲ್ಲಿ ಪ್ರವಾಸಿಗರನ್ನು ದೋಣಿಯಲ್ಲಿ ಸುತ್ತಾಡಿಸುವ ಮಗಳು ಮನೀಷಾ, ಮಳೆಗಾಲದಲ್ಲಿ ಅವರ ಬರವು ನಿಂತಾಗ ಅದನ್ನು ಬಿಚ್ಚಿ, ಜೀಪಿಗೆ ಹೇರಿ ಮನೆಗೆ ತರುತ್ತಿದ್ದಳು. ಅಂಟಿದ ಚಿಪ್ಪು ಕೆರೆದು, ಎಣ್ಣೆ ಬದಲಿಸಿ, ದಸರೆ ಮುಗಿದ ಮೇಲೆ ಒಯ್ಯುತ್ತಿದ್ದಳು.

ಈ ಸಲವೂ ಅಲ್ಯೂಮಿನಿಯಂ ಇಲಿ ಕಡಿದ ರೊಟ್ಟಿಯಂತಾಗಿತ್ತು. ಹೋದ ವರ್ಷದ ಹಾಗೆಯೇ ವೆಲ್ಡಿಂಗ್ ಮಾಡಿಸಿದ್ದಾಯಿತು.

"ಮನೂ, ದೋಣಿ ಮಾರೂಣು," ಎಂದ ನಾಗಣ್ಣ. "ವರ್ಷಾ ಇದ ಹಣೇಬಾರ. ನನ್ನ ದೋಸ್ತ ಲಕ್ಷ್ಮೀಕಾಂತ ತಗೋತಾನಂತ. ಸಂಜಿಗೆ ಬರ್ತೀನಿ ಅಂದಾನ."

ಆ ದೋಣಿ ಹೋದರೆ ಮನೀಷಾಳಿಗೆ ಉಳಿಯುವುದು ಈ ಗೋದಾಮಿನ ಗಲ್ಲಾಪೆಟ್ಟಿಗೆ ಕಾಯುವ ಕೆಲಸವೇ.

"ಅಪ್ಪಾ, ಸಮುದ್ರ ತಿನಬೇಕಾದದ್ದು ಕಾಲಲ್ಲರಿ, ಇದು!" ಕಾಲಿಗೆ ಬಿಗಿದಿದ್ದ ಸತುವಿನ ಗಟ್ಟಿಯನ್ನು ಬಡಿದಳು. "ಬೆಚ್ಚನ ಉಪ್ಪುನೀರಿಗೆ ಹಸಿವು ಭಾಳ. ಮೊದಲ ಈ ಜಸ್ತ ತಿಂತೈತಿ. ಜಸ್ತ ಇರೂತನಕಾ ಕಾಲು ಮುಟ್ಟಂಗಿಲ್ಲ. ಖರೆ ನೋಡ್ರಿ, ತಂದಾಗ ಹೆಂಗಿತ್ತೋ ಹಂಗ ಐತಿ!"

"ಅಂದ್ರ ನೀ ತಂದ ಜಸ್ತಾನ ಖೋಟಾ."

ಅವಳ ಅನುಮಾನವೂ ಅದೇ. ಹಳೆಯದನ್ನು ಬಿಚ್ಚಿ, ಬೇರೆ ಅಂಗಡಿಯಿಂದ ತಂದ ಗಟ್ಟಿಯನ್ನು ಬಿಗಿದು, ಚಹಾಕ್ಕೆ ಹೋದಳು.

ಮರುದಿನ ಖಂಡೇನವಮಿಯ ಆಯುಧಪೂಜೆ ಇತ್ತು. ಅವಳು ಚಹಾ ಮುಗಿಸಿ ತಿರುಗಿ ಬಂದಾಗ ಅಜ್ಜಿ ಗಿರಿಜಾಬಾಯಿ ಸೆರಗು ಸಿಕ್ಕಿಸಿಕೊಂಡು ಕೂತಿದ್ದಳು. ಕೈಯಲ್ಲಿ ಕುಂಚ, ಮುಂದೆ ಬೆಳ್ಳಿ ಬಣ್ಣದ ಡಬ್ಬಿ. ತಕ್ಕಡಿ, ಶಟರು, ಅಕ್ಕಲಕೋಟದ ಹೊಲದಿಂದ ತರಿಸಿದ ಪಂಪು ಎಲ್ಲ ಹೊಳೆಯುತ್ತಿದ್ದವು. ಹೊಸ ಸತುವೂ ಹೊಳೆಯುತ್ತಿತ್ತು.

"ಆಯಿ! ಏನ್ ಮಾಡಿದಿ?"

"ಬೋಳ ಬೋಳ ಕಾಣಾಕತ್ತಿತ್ತು. ಎರಡ ಕೈ ಹಚ್ಚೀನಿ."

"ಹೋದ ವರ್ಷಾನೂ ಹಚ್ಚಿದ್ದೇನು?"

"ಅದರ ಹಿಂದಿನ ವರ್ಷಾನೂ! ಪೂಜಿಗೆ ಕುಂಡ್ರೂ ಸಾಮಾನು ಬಣ್ಣ ಇಲ್ಲದ ಕುಂಡ್ರತಾವೇನು?"

ಮನೀಷಾ ಗಂಟಿನ ಮೇಲೆ ಕುಸಿದು ನಗತೊಡಗಿದಳು. ಸತುವೂ ಬೆಳ್ಳಗೆ, ಬಣ್ಣವೂ ಬೆಳ್ಳಗೆ. ಅದಕ್ಕೇ ಎರಡು ವರ್ಷವೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಬಣ್ಣದ ಪದರದೊಳಗೆ ಸತು ಸುಖವಾಗಿ ಕೂತಿತ್ತು, ಸಮುದ್ರ ಕಾಲಿಗೆ ಬಾಯಿ ಹಾಕಿತ್ತು. ಅದನ್ನು ಬಿಡಿಸಿ ಹೇಳಿದಾಗ ಅಜ್ಜಿಗೆ ಸಿಟ್ಟೇ ಬಂತು.

"ತಿನಸಾಕಂತನ ರೊಕ್ಕಾ ಕೊಟ್ಟು ತರ್ತಿ? ಹುಚ್ಚಿ!"

ಮನೀಷಾ ಬಾಗಿಲ ಮೇಲೆ ತೂಗುತ್ತಿದ್ದ ನಿಂಬೆ-ಮೆಣಸಿನಕಾಯಿಯತ್ತ ಬೆರಳು ತೋರಿಸಿದಳು. "ಅದನ್ಯಾಕ ಕಟ್ಟಿದಿ?"

"ದುಕಾನಿಗೆ ದೃಷ್ಟಿ ಆಗಬಾರದಂತ. ಅದಕ್ಕ ಆಗಲಿ, ಅದು ಒಣಗಲಿ. ಶನಿವಾರಕ್ಕೊಮ್ಮೆ ಬದಲ ಮಾಡಿದ್ರಾತು."

"ಅದಕ್ಕೂ ಬಣ್ಣ ಹಚ್ಚತೀಯೇನು?"

ಗಿರಿಜಾಬಾಯಿ ನಿಂಬೆಹಣ್ಣು ನೋಡಿದಳು. ಸತು ನೋಡಿದಳು. ಕುಂಚವನ್ನು ಮೆಲ್ಲಗೆ ಡಬ್ಬಿಗಿಟ್ಟಳು.

"ಮೊದಲ ಹೇಳಾಕ ಏನಾಗಿತ್ತ ನಿನಗ, ಖೋಡಿ? ತಾ ಆ ತಂತಿ ಬ್ರಶ್ಶು."

ಲಕ್ಷ್ಮೀಕಾಂತ ಬರುವ ಹೊತ್ತಿಗೆ ಅಜ್ಜಿ ಬಣ್ಣ ಉಜ್ಜಿ ಉಜ್ಜಿ ಬೆವರಿದ್ದಳು. ನಾಗಣ್ಣ ಅವಳನ್ನೇ ನೋಡುತ್ತ, "ಎರಡ ವರ್ಷ ಸಮುದ್ರಕ್ಕ ಬೈದ್ವಿ ನೋಡವ್ವಾ. ಕಳ್ಳ ಮನಿಯಾಗ ಇದ್ದ," ಎಂದ. ಗೆಳೆಯನಿಗೆ ಚಹಾ ಕೊಟ್ಟು, "ಹೋಳಿತನಕಾ ತಡೀಯಪಾ. ಕಾಲು ಮತ್ತ ತೂತು ಬಿದ್ರ ದೋಣಿ ನಿಂದ," ಎಂದು ಕಳಿಸಿದ. ಪೂಜೆಯ ದಿನ ಗಿರಿಜಾಬಾಯಿ ಕಾಲಿಗೆ ಕುಂಕುಮವಿಟ್ಟಳು, ಸತುವಿನ ಹತ್ತಿರ ಕೈ ಹಿಂದೆಳೆದುಕೊಂಡಳು.

ಹೋಳಿ ಹತ್ತಿರ ಬಂದಾಗ ಮಾಲವಣದಿಂದ ಮನೀಷಾ ಕಳಿಸಿದ ಫೋಟೊ ಬಂತು. ಕಾಲು ನುಣ್ಣಗಿತ್ತು, ಸತು ಹುಳ ತಿಂದ ಶೇಂಗಾಬೀಜದಂತಾಗಿತ್ತು. ನಾಗಣ್ಣ ಲಕ್ಷ್ಮೀಕಾಂತನಿಗೆ ಫೋನು ಹಚ್ಚಿ ದೋಣಿ ಮಾರುವುದಿಲ್ಲವೆಂದ. ಗಿರಿಜಾಬಾಯಿ ಮೊಬೈಲು ಹಿಡಿದು ಓಣಿಯ ಮನೆಮನೆಗೂ ಹೋದಳು.

"ನೋಡ್ರಿ, ಹೆಂಗ ತಿಂದೈತಿ!"

ಯಾವುದಕ್ಕೆ ಸಂತೋಷಪಡಬೇಕೆಂದು ತಿಳಿಯದೆ ಹೆಂಗಸರು ತಲೆಯಾಡಿಸಿದರು. ಆಮೇಲೆ ಅವಳು ಮೊಮ್ಮಗಳಿಗೆ ಫೋನು ಹಚ್ಚಿಸಿಕೊಂಡಳು.

"ಮನೂ, ಅರ್ಧಾ ಒಣಗೈತಿ. ಇವತ್ತ ಬದಲ ಮಾಡು. ಶನಿವಾರದ ಹಾದಿ ನೋಡಬ್ಯಾಡ."